ಮುಪ್ಪಿನ ನಾಯಿಗೆ ಅರ್ಬುದದ ಶಂಕೆ

ಮನೆಯಲ್ಲಿ ನಾಯಿಯನ್ನು ಸಾಕಿದವರು ಅದರ ಮರಿತನದ ಚೇಷ್ಟೆಗಳನ್ನು ಎಷ್ಟು ಹೇಳಿದರೂ ದಣಿಯರು. ಅದರ ಮುಪ್ಪನ್ನು ಕುರಿತು ಮಾತನಾಡುವವರು ಅಪರೂಪ. ಆದರೆ ನಾಯಿಯ ಆಯುಷ್ಯವು ನಮ್ಮ ಆಯುಷ್ಯಕ್ಕಿಂತ ಬಹಳ ಕಿರಿದಾದುದರಿಂದ, ಮರಿಯನ್ನು ಮನೆಗೆ ತಂದವರು ಸಾಮಾನ್ಯವಾಗಿ ಅದರ ವಾರ್ಧಕ್ಯವನ್ನೂ ಕಾಣಬೇಕಾಗುತ್ತದೆ. ಹೋದ ವರುಷ ನಮ್ಮ ಮನೆಯಲ್ಲಿ ನಡೆದುದನ್ನು ಇಲ್ಲಿ ನಿವೇದಿಸುತ್ತೇವೆ. ಇದೇ ಬಗೆಯ ಸಂಕಟದಲ್ಲಿರುವ ಗೃಹಸ್ಥರಿಗೆ ಇದರಿಂದ ಕಿಂಚಿತ್ತಾದರೂ ಉಪಯೋಗವಾದರೆ ನಮ್ಮ ಶ್ರಮವು ಸಾರ್ಥಕ.

ನಮ್ಮ ಮಲ್ಲಿಗೆ ಆಗ ಹನ್ನೆರಡು ವರುಷ. ಜಾತಿಯಿಂದ ನಾಡನಾಯಿ, ನಡತೆಯಿಂದ ಬಹು ಮರ್ಯಾದಸ್ಥೆ. ಮರಿಯಾಗಿದ್ದಾಗ ಬಿಟ್ಟರೆ ಎಂದೂ ಮನೆಯೊಳಗೆ ಹೇಸಿಗೆ ಮಾಡಿದವಳಲ್ಲ. ಮಾಘಮಾಸದ ಒಂದು ಬೆಳಗ್ಗೆ ನಡುಮನೆಯಲ್ಲಿ ನೆಲ ಒದ್ದೆಯಾಗಿತ್ತು. ನಮ್ಮ ತಾಯಿಯವರು ಮಡಿಯುಟ್ಟು ದೇವರ ಮನೆಗೆ ಹೊರಟಿದ್ದವರು ಅದನ್ನು ತುಳಿದು, ಕೋಪದಿಂದ ನಾಯಿಯ ಕಿವಿ ಹಿಂಡಿ ಹಿತ್ತಲಿಗೆ ಅಟ್ಟಿದರು. ಅದು ಪಾರಿಜಾತದ ಗಿಡದ ಬುಡಕ್ಕೆ ಹೋಗಿ ಕುಳಿತಿತು. ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಕುಳಿತಿತು. ಹೀಗೆ ಐದಾರು ಸಲ. ಪ್ರತಿಸಲವೂ ಬಿದ್ದುದು ನಾಲ್ಕೈದು ಹನಿ. ಚಳಿಗೆ ಹೀಗಾಗಿರಬೇಕೆಂದು ನಾವು ಸುಮ್ಮನಾದೆವು. ವಾರ ಕಳೆದಮೇಲೆ ನೆಲ ಒರಸಿದ ಬಿಳಿಯ ಬಟ್ಟೆಯಲ್ಲಿ ನಸುಗೆಂಪು ಕಾಣಿಸಿತು. ಆ ಹೊತ್ತು ತಾಯಿಯವರು ಊಟ ಮಾಡಲಿಲ್ಲ.

ಗೃಹಸ್ಥರು ಮೊದಲು ತಿಳಿಯಬೇಕಾದ ಸಂಗತಿಯು ಇದೇ: ಎಂದೂ ತಪ್ಪದ ಮುದಿನಾಯಿ ಮನೆಯೊಳಗೆ ಮೂತ್ರ ಮಾಡಿತೆಂದರೆ ಅದು ಹಟವಲ್ಲ, ಬಹುಮಟ್ಟಿಗೆ ರೋಗ. ಪದೇಪದೇ ಕೂರುವುದು, ತಿಣುಕುವುದು, ಹನಿಹನಿಯಾಗಿ ಹೋಗುವುದು, ರಕ್ತ ಬೆರೆಯುವುದು, ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಮೂತ್ರಕೋಶದಲ್ಲಿ ಕ್ರಿಮಿಗಳು ಸೇರಿದ್ದರೂ, ಕಲ್ಲು ಕಟ್ಟಿದ್ದರೂ, ಅರ್ಬುದ, ಎಂದರೆ ಕ್ಯಾನ್ಸರ್, ಹುಟ್ಟಿದ್ದರೂ ಹೊರಗೆ ಕಾಣುವ ಲಕ್ಷಣಗಳು ಒಂದೇ. ಕಣ್ಣಳತೆಯಿಂದ ಭೇದ ತಿಳಿಯದು.

ನಮ್ಮೂರು ತುಮಕೂರು. ಇಲ್ಲಿನ ವೈದ್ಯರು ಮೂತ್ರವನ್ನು ಪರೀಕ್ಷಿಸಿ, ಕ್ರಿಮಿಗಳಿವೆಯೆಂದು ಹೇಳಿ ಮಾತ್ರೆಗಳನ್ನು ಕೊಟ್ಟರು. ಐದು ದಿನಗಳಲ್ಲಿ ಮಲ್ಲಿ ಮೊದಲಿನಂತಾದಳು. ಮೂರು ವಾರಗಳ ತರುವಾಯ ರಕ್ತವು ಮರಳಿ ಬಂದಿತು. ಈ ರೋಗವು ಮನೆಯವರನ್ನು ವಂಚಿಸುವ ಬಗೆಯೇ ಹೀಗೆ. ಗಡ್ಡೆಯಿರುವ ಮೂತ್ರಕೋಶದಲ್ಲಿ ಕ್ರಿಮಿಗಳು ಸುಲಭವಾಗಿ ನೆಲಸುವುವು. ಔಷಧವು ಅವುಗಳನ್ನು ಕೊಂದಾಗ ನಾಯಿಗೆ ಸುಖವೆನಿಸುವುದು. ಮೂಲವು ಮಾತ್ರ ಹಾಗೆಯೇ ಉಳಿಯುವುದು. ಆದುದರಿಂದ ಹೋದ ಉಪದ್ರವ ಮತ್ತೆ ಬಂದರೆ ಹಳೆಯ ಚೀಟಿಯ ಮಾತ್ರೆಯನ್ನೇ ಅಂಗಡಿಯಿಂದ ತಂದು ನುಂಗಿಸುವುದು ಸರಿಯಲ್ಲ.

ವೈದ್ಯರ ಸಲಹೆಯಂತೆ ಬೆಂಗಳೂರಿಗೆ ಕರೆದೊಯ್ದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ಮೂತ್ರಕೋಶದ ಕೊರಳಿನ ಬಳಿ ಹೆಬ್ಬೆರಳಿನ ತುದಿಯಷ್ಟು ಗಡ್ಡೆ ಕಂಡಿತು. ಅರ್ಬುದವು ಹೆಚ್ಚಾಗಿ ಹುಟ್ಟುವುದು ಆ ಸ್ಥಳದಲ್ಲಿಯೇ. ಮೂತ್ರಪಿಂಡಗಳಿಂದ ಬರುವ ನಾಳಗಳೂ ಹೊರಹೋಗುವ ನಾಳವೂ ಅಲ್ಲಿ ಸೇರುವುದರಿಂದ ಅದನ್ನು ಕೊಯ್ದು ತೆಗೆಯುವುದು ಬಹುಮಟ್ಟಿಗೆ ಅಸಾಧ್ಯ. ತಾಯಿಯವರು, “ಇದಕ್ಕೆ ಇನ್ನೆಷ್ಟು ದಿನವಿದೆ, ಡಾಕ್ಟರೇ?” ಎಂದರು. “ಅಮ್ಮಾ, ಇದು ಶಂಕೆ, ಇನ್ನೂ ನಿಶ್ಚಯವಲ್ಲ. ಬಹುಕಾಲದ ಉರಿಯೂತದಿಂದಲೂ ಇಂಥ ಗಡ್ಡೆ ಕಾಣುವುದುಂಟು. ದಿನ ಎಣಿಸುವುದು ಆಮೇಲಾಗಲಿ” ಎಂದರು ಅವರು.

ನಿಶ್ಚಯ ಮಾಡಿಕೊಳ್ಳುವ ಮಾರ್ಗಗಳನ್ನೂ ತಿಳಿಸಿದರು. ಪ್ರಜ್ಞೆ ತಪ್ಪಿಸಿ, ಸಣ್ಣ ಕೊಳವೆಯ ಮೂಲಕ ಗಡ್ಡೆಯ ಚೂರನ್ನು ತೆಗೆದು ನೋಡುವುದು ಒಂದು. ಹೊಟ್ಟೆಯ ಮೇಲಿಂದ ಸೂಜಿ ಚುಚ್ಚಿ ತೆಗೆದರೆ ಆ ದಾರಿಯಲ್ಲಿ ಅರ್ಬುದದ ಕಣಗಳು ಬಿತ್ತಿದಂತಾಗುವ ಭಯವಿರುವುದರಿಂದ ಅದನ್ನು ತಪ್ಪಿಸುತ್ತಾರೆ. ಮತ್ತೊಂದು ಮಾರ್ಗವು ಮೂತ್ರದಲ್ಲಿ ಉದುರಿದ ಕಣಗಳನ್ನೇ ಪರೀಕ್ಷಿಸುವುದು. ಈ ಅರ್ಬುದವುಳ್ಳ ನಾಯಿಗಳಲ್ಲಿ ಬಹುಪಾಲಿಗೆ ಬಿ.ಆರ್.ಎ.ಎಫ್. ಎಂಬ ಜೀನಿನಲ್ಲಿ ಒಂದು ವ್ಯತ್ಯಾಸವಿರುವುದೆಂದು 2015ರಲ್ಲಿ ಸಂಶೋಧಕರು ಪ್ರಕಟಿಸಿದರು. ಅದನ್ನು ಮೂತ್ರದಲ್ಲಿಯೇ ಹುಡುಕಬಹುದು. ಆದರೆ ಅದು ಸಿಕ್ಕದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು.

ಮನೆಗೆ ಬಂದಮೇಲೆ ಒಮ್ಮತವಿರಲಿಲ್ಲ. ಸಾಲ ಮಾಡಿಯಾದರೂ ಎಲ್ಲವನ್ನೂ ಮಾಡಿಸೋಣವೆಂದನು ತಮ್ಮ. ಮುದಿಪ್ರಾಣಿಯನ್ನು ಚುಚ್ಚಿ ಹಿಂಸಿಸಬೇಡಿರೆಂದರು ತಾಯಿಯವರು. ಮಲ್ಲಿಯ ಹೃದಯ ದುರ್ಬಲವಾಗಿದ್ದು, ಪ್ರಜ್ಞೆ ತಪ್ಪಿಸಿದರೆ ಏಳುವ ಭರವಸೆಯಿರಲಿಲ್ಲ. ಆಗ ನಮ್ಮೂರ ವೈದ್ಯರು ಕೇಳಿದ ಪ್ರಶ್ನೆಯೊಂದು ನಮಗೆ ದಾರಿ ತೋರಿತು: “ಪರೀಕ್ಷೆಯ ಫಲ ಏನೇ ಬಂದರೂ ನೀವು ಮಾಡುವ ಶುಶ್ರೂಷೆ ಬದಲಾಗುವುದೇ?” ಬದಲಾಗುವಂತಿರಲಿಲ್ಲ. ಹೀಗಾಗಿ ನಮ್ಮ ಪಾಲಿಗೆ ಶಂಕೆ ಶಂಕೆಯಾಗಿಯೇ ಉಳಿಯಿತು. ಪ್ರಾಯದ ನಾಯಿಯಾಗಿದ್ದರೆ, ಗಡ್ಡೆ ಬೇರೆ ಸ್ಥಳದಲ್ಲಿದ್ದರೆ, ಉತ್ತರವೂ ಬೇರೆಯಾಗುತ್ತಿದ್ದಿತು.

“ನಾವು ಏನು ತಿನ್ನಿಸಿ ಇದಕ್ಕೆ ಹೀಗಾಯಿತೋ” ಎಂಬುದು ತಾಯಿಯವರ ಕೊರಗು. ಇದಕ್ಕೆ ನಾವು ಓದಿ ತಿಳಿದುಕೊಂಡುದನ್ನು ಹೇಳಿದೆವು. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳು ಹುಟ್ಟುವುದನ್ನು 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲೂಡ್ವಿಗ್ ರೇನ್ ಎಂಬವರು ಮೊದಲು ತೋರಿಸಿದರು. ಬಣ್ಣದ ಕೈಗಾರಿಕೆಯ ಒಂದು ರಾಸಾಯನಿಕವು ನಾಯಿಗಳಲ್ಲಿಯೂ ಅದೇ ರೋಗವನ್ನು ಉಂಟುಮಾಡುವುದೆಂದು 1938ರಲ್ಲಿ ಅಮೆರಿಕದಲ್ಲಿ ಹ್ಯೂಪರ್ ಮತ್ತು ಸಂಗಡಿಗರು ಸಿದ್ಧಪಡಿಸಿದರು. ವಂಶಗುಣವೂ ಉಂಟು, ಸ್ಕಾಟಿಷ್ ಟೆರಿಯರ್ ಎಂಬ ತಳಿಗೆ ಈ ಭಯವು ಇತರ ನಾಯಿಗಳಿಗಿಂತ ಸುಮಾರು 18ರಿಂದ 20 ಪಟ್ಟು ಹೆಚ್ಚು. ಆ ತಳಿಯನ್ನೇ ಕುರಿತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ನಡೆಸಿದ ಅಭ್ಯಾಸಗಳಲ್ಲಿ, ಕಳೆನಾಶಕ ಸಿಂಪಡಿಸಿದ ಹುಲ್ಲುಹಾಸಿನ ಸಂಪರ್ಕವಿದ್ದವಕ್ಕೆ ರೋಗವು ಹೆಚ್ಚೆಂದು 2004ರಲ್ಲಿಯೂ, ವಾರಕ್ಕೆ ಮೂರು ಸಲವಾದರೂ ತರಕಾರಿ ತಿಂದವಕ್ಕೆ ಕಡಮೆಯೆಂದು 2005ರಲ್ಲಿಯೂ ಪ್ರಕಟವಾಯಿತು. ಇವು ಮುಂದಿನ ಎಚ್ಚರಿಕೆಗೆ ಒದಗುವ ಮಾತುಗಳೇ ಹೊರತು ಯಾವೊಂದು ಮನೆಯ ಮೇಲೂ ತಪ್ಪು ಹೊರಿಸುವ ಸಾಕ್ಷ್ಯಗಳಲ್ಲ. ನಮ್ಮ ಅನ್ನಸಾರಿನಿಂದ ಮಲ್ಲಿಗೆ ಗಡ್ಡೆ ಬಂದಿತೆಂದು ಯಾವ ವೈದ್ಯರೂ ಹೇಳಲಾರರು.

ಕೊಟ್ಟ ಔಷಧ ಪೈರಾಕ್ಸಿಕಾಮ್. ಮನುಷ್ಯರ ಕೀಲುನೋವಿಗೆಂದು ಬಂದುದು. 1994ರಲ್ಲಿ ಪ್ರಕಟವಾದ ವರದಿಯಂತೆ, ಈ ರೋಗವಿದ್ದ 34 ನಾಯಿಗಳಿಗೆ ಅದನ್ನು ಕೊಟ್ಟಾಗ 6ರಲ್ಲಿ ಗಡ್ಡೆ ಕುಗ್ಗಿತು ಅಥವಾ ಮಾಯವಾಯಿತು, 18ರಲ್ಲಿ ಬೆಳೆಯದೆ ನಿಂತಿತು, 10ರಲ್ಲಿ ಬೆಳೆಯಿತು. ಅರ್ಧದಷ್ಟು ನಾಯಿಗಳು 181 ದಿನಗಳಿಗಿಂತ ಹೆಚ್ಚು ಬದುಕಿದುವು. ಅರ್ಬುದನಾಶಕ ಚುಚ್ಚುಮದ್ದುಗಳನ್ನು ಕೂಡಿಸಿ ಕೊಡುವ ಪದ್ಧತಿಯೂ ಇದೆ. ಗುಣವಾಗುವುದೆಂಬ ಆಸೆಯಲ್ಲ, ನೆಮ್ಮದಿಯ ಕೆಲವು ತಿಂಗಳುಗಳು ದೊರೆಯುವುವೆಂಬ ಆಸೆ. ಈ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಆದಕಾರಣ ಅದನ್ನು ಆಹಾರದೊಡನೆ ಕೊಡಬೇಕು. ನಡುನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. ಮಲವು ಕಪ್ಪಾದರೆ, ವಾಂತಿಯಾದರೆ, ಒಡನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕನಿಕರದಿಂದ ಕೊಟ್ಟುಬಿಡಬಾರದು. ಅವು ನಾಯಿಗೆ ವಿಷವಾಗಬಲ್ಲವು.

ಉಳಿದುದು ಮನೆವಾರ್ತೆಯ ಕೆಲಸ. ಹಳೆಯ ಪಂಚೆಗಳನ್ನು ಮಡಿಸಿ ಹಾಸಿದೆವು, ಒದ್ದೆಯಾದೊಡನೆ ಬದಲಾಯಿಸಿದೆವು. ನೆಲ ಒದ್ದೆಯಾಗುವುದೆಂದು ಕುಡಿಯುವ ನೀರನ್ನು ಕಡಮೆಮಾಡುವುದು ದೊಡ್ಡ ತಪ್ಪು. ನೀರು ಯಾವಾಗಲೂ ಎದುರಿಗಿರಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿ ಒಂದು ಸಲ, ಹಿತ್ತಲಿಗೆ ಕರೆದೊಯ್ದೆವು. ಹಿಂಭಾಗವನ್ನು ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು ಒಣಗಿಸಿದೆವು. ಅರ್ಬುದವು ಮನುಷ್ಯರಿಗೆ ಅಂಟದು. ಆದರೆ ಇಲಿಜ್ವರವು ನಾಯಿಯ ಮೂತ್ರದಿಂದ ಹರಡಬಲ್ಲದಾದ ಕಾರಣ ಒರಸುವವರು ಕೈಗವಸು ಹಾಕಿ, ಸಾಬೂನಿನಿಂದ ಕೈತೊಳೆಯುವುದು ಲೇಸು. ಒಂದು ಪುಸ್ತಕದಲ್ಲಿ ದಿನವೂ ಮೂರು ಸಂಗತಿಗಳನ್ನು ಬರೆದೆವು: ಉಂಡಳೇ, ಎಷ್ಟು ಸಲ ತಿಣುಕಿದಳು, ಬಾಗಿಲಿಗೆ ಯಾರಾದರೂ ಬಂದಾಗ ಬಾಲವಾಡಿಸಿದಳೇ. ಒಳ್ಳೆಯ ದಿನಗಳು ಹೆಚ್ಚೋ ಕೆಟ್ಟ ದಿನಗಳು ಹೆಚ್ಚೋ ಎಂಬುದನ್ನು ಮಮತೆಯು ಮರೆಮಾಚುವುದು, ಬರಹವು ಮರೆಮಾಚದು. ನಾಲ್ಕು ತಿಂಗಳ ಪುಟಗಳಲ್ಲಿ ಒಳ್ಳೆಯ ದಿನಗಳೇ ಹೆಚ್ಚಾಗಿದ್ದುವು. ಕಿವಿ ಹಿಂಡಿದ ತಾಯಿಯವರೇ ರಾತ್ರಿಯ ಸರದಿಯನ್ನು ವಹಿಸಿಕೊಂಡಿದ್ದರು.

ಆಷಾಢದ ಒಂದು ಸಂಜೆ ಮಲ್ಲಿ ತಿಣುಕಿದಳು. ಒಂದು ಹನಿಯೂ ಬರಲಿಲ್ಲ. ಹೊಟ್ಟೆ ಬಿಗಿಯಿತು, ವಾಂತಿಯಾಯಿತು. ಮೂತ್ರ ಕಟ್ಟಿದರೆ ಬೆಳಗಾಗಲೆಂದು ಕಾಯಬಾರದು. ಒಂದೆರಡು ದಿನಗಳಲ್ಲಿಯೇ ಪ್ರಾಣಾಪಾಯ, ಅಷ್ಟರವರೆಗೂ ಘೋರ ನೋವು. ವೈದ್ಯರು ಕೊಳವೆ ಹಾಕಿ ಆ ಹೊತ್ತಿನ ಬಾಧೆಯನ್ನು ಇಳಿಸಿದರು. ಗಡ್ಡೆಯು ದಾರಿಯನ್ನು ಮುಚ್ಚಿತ್ತು. ಇನ್ನು ಪ್ರತಿದಿನವೂ ಹೀಗೆಯೇ ಎಂದರು. ನಿದ್ದೆಯ ಮದ್ದು ಕೊಟ್ಟು ಕಳುಹಿಸಿಕೊಡುವ ಮಾತು ಬಂದಿತು. “ಅನ್ನ ಹಾಕಿದ ಕೈಯಿಂದಲೇ ಕೊಲ್ಲಿಸುವುದೇ?” ಎಂದು ತಾಯಿಯವರು ಕೇಳಿದರು. ವೈದ್ಯರು ವಾದಿಸಲಿಲ್ಲ. “ಕೊಲ್ಲುತ್ತಿರುವುದು ಕಾಯಿಲೆ, ಅಮ್ಮಾ. ನೋವನ್ನು ಎಷ್ಟು ದೂರ ಬಿಡುವುದು ಎಂಬುದೊಂದೇ ನಮ್ಮ ಕೈಯಲ್ಲಿರುವುದು” ಎಂದರು. ಬಹಳ ಹೊತ್ತಿನ ಮೇಲೆ ತಾಯಿಯವರು ನೆಲದ ಮೇಲೆ ಕುಳಿತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಎರಡು ಚಮಚ ನೀರು ಹಾಕಿ, “ಆಗಲಿ” ಎಂದರು. ಮೊದಲು ಮಂಪರಿನ ಮದ್ದು, ಆಮೇಲೆ ಕೊನೆಯದು. ಮಲ್ಲಿ ನರಳಲಿಲ್ಲ.

ಮರುದಿನ ಬೆಳಗ್ಗೆ ತಾಯಿಯವರು ಎಂದಿನಂತೆ ಒರಸುವ ಬಟ್ಟೆಯನ್ನು ಹಿಡಿದು ನಡುಮನೆಗೆ ಬಂದು ನಿಂತರು. ನೆಲ ಒಣಗಿತ್ತು.

ಆ ಗಡ್ಡೆ ಅರ್ಬುದವೇ ಆಗಿದ್ದಿತೆಂದು ನಾವು ಇಂದಿಗೂ ಪ್ರಮಾಣ ಮಾಡಿ ಹೇಳಲಾರೆವು. ಆದರೆ ಹೆಸರು ನಿಶ್ಚಯವಾಗುವವರೆಗೂ ನೋವು ಕಾಯುವುದಿಲ್ಲ, ಆರೈಕೆಯೂ ಕಾಯಬೇಕಾಗಿಲ್ಲ. ನಮ್ಮ ಮನೆ ಕಾದವರು ಮುಪ್ಪಿನಲ್ಲಿ ನೆಲ ಒದ್ದೆಮಾಡಿದರೆ ಕೋಪಿಸುವುದಕ್ಕೆ ಮುಂಚೆ ಒಮ್ಮೆ ಬಗ್ಗಿ ನೋಡಿರೆಂಬುದೇ ವಾಚಕರಲ್ಲಿ ನಮ್ಮ ಬಿನ್ನಹ.