ಜಿಪುಣರಂತೆ ಹಾಡಿ: ಶಿಫ್ಟ್ ಮುಗಿಸಿ ಬರುವ ಕಲಾವಿದರಿಗೊಂದು ಹಳೇ ಸಲಹೆ

ಜಿಗಣಿಯಲ್ಲೋ ಬೊಮ್ಮಸಂದ್ರದಲ್ಲೋ ಶಿಫ್ಟ್ ಮುಗಿಸಿ ಆನೇಕಲ್ ಬಸ್ ಹತ್ತಿದ್ದೀರಿ. ನಿಮಗೆ ಹಾಡೋದು ಇಷ್ಟ, ಇಲ್ಲಾ ಚಿತ್ರ ಬಿಡಿಸೋದು. ಮನೆ ಸೇರಿದ ಮೇಲೆ ಉಳಿಯೋದು ಒಂದು ಗಂಟೆ. ಫೋನ್ ತೆರೆದರೆ ಎಲ್ಲರದ್ದೂ ಒಂದೇ ಉಪದೇಶ: ದಿನಕ್ಕೊಂದು ರೀಲ್ ಹಾಕಿ, ಇಲ್ಲದಿದ್ದರೆ ಜನ ಮರೀತಾರೆ.

ಇದಕ್ಕೆ ಪೂರ್ತಿ ಉಲ್ಟಾ ಸಲಹೆಯೊಂದು ನಮ್ಮ ರಾಜ್ಯದಲ್ಲೇ ಇದೆ. ಹುಬ್ಬಳ್ಳಿಯ ಗಾಯಕಿ ಗಂಗೂಬಾಯಿ ಹಾನಗಲ್ (1913–2009) ತಮ್ಮ ಗುರು ಸವಾಯಿ ಗಂಧರ್ವರಿಂದ ಕಲಿತ ಪಾಠ ಅದು. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರಗಳನ್ನು ಬಿಚ್ಚಬೇಕು, ಕೇಳುಗರು ಒಂದೊಂದನ್ನೂ ಸವಿಯಬೇಕು.

ಲೆಕ್ಕ ಸರಳ. ಭೂಪಾಲಿ ರಾಗದಲ್ಲಿ ಇರೋದೇ ಐದು ಸ್ವರ: ಸ, ರಿ, ಗ, ಪ, ದ. ಮೊದಲ ನಿಮಿಷದಲ್ಲೇ ಐದನ್ನೂ ಚೆಲ್ಲಿದರೆ ಮುಂದಿನ ಅರ್ಧ ಗಂಟೆಗೆ ಏನುಳಿಯಿತು? ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಅವರ ಕಿರಾಣಾ ಘರಾಣೆಯಲ್ಲಿ ರಾಗ ಒಂದೊಂದೇ ಸ್ವರವಾಗಿ, ನಿಧಾನಕ್ಕೆ ಬೆಳೆಯುತ್ತೆ. ಷಡ್ಜದಲ್ಲಿ ನಿಂತು, ರಿಷಭ ಮುಟ್ಟಿ ವಾಪಸ್ ಬಂದು, ಗಾಂಧಾರ ಬೇಕು ಅಂತ ಕೇಳುಗರಿಗೇ ಅನ್ನಿಸಿದ ಮೇಲೆ ಅದನ್ನು ಕೊಡೋದು. ಹಾಡುವವರಿಗೆ ಸಿಗುವ ಖುಷಿಯೂ ಅಲ್ಲೇ ಇದೆ. ಒಂದು ಸ್ವರದೊಳಗೆ ಎಷ್ಟು ಜಾಗವಿದೆ ಅಂತ ಗೊತ್ತಾಗೋದು ಅಲ್ಲಿ ನಿಂತಾಗಲೇ.

ಹಾಗಂತ ಜಿಪುಣತನ ಅಂದರೆ ಸೋಮಾರಿತನ ಅಲ್ಲ. ಗಂಟಿದ್ದವರಷ್ಟೇ ಜಿಪುಣರಾಗಬಹುದು. ಆ ಗಂಟು ಕಟ್ಟೋಕೆ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಪಾಠ ಹೇಳಿಸಿಕೊಂಡರು.

'ಅವರಿಗೆ ಪುರುಸೊತ್ತಿತ್ತು, ನಮಗೆಲ್ಲಿ?' ಅಂತೀರಾ? 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ ಆ ಹುಡುಗಿಗಿದ್ದ ಭಯವೇ ಬೇರೆ. ಜಾತಿಯ ಕಾರಣಕ್ಕೆ ಊಟದ ಎಲೆ ಎತ್ತೋಕೆ ಹೇಳ್ತಾರೇನೋ ಅಂತ ಹೆದರಿದ್ದನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಗಂಡಸರು ಹಾಡಿದರೆ ಪಂಡಿತ್, ಉಸ್ತಾದ್ ಆಗ್ತಾರೆ, ಹೆಂಗಸರು ಬರೀ 'ಬಾಯಿ' ಆಗಿಯೇ ಉಳೀತಾರೆ ಅಂತಲೂ ಚುಚ್ಚಿದ್ದರು. ಪುರುಸೊತ್ತು, ಗೌರವ ಎರಡನ್ನೂ ಅವರಿಗೆ ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ.

ಆದರೆ ಈ ಕಥೆಯನ್ನು ನಿಮ್ಮ ಮೇಲೆ ಹೊರೆಯಾಗಿ ಹೇರೋದೂ ತಪ್ಪು. ಅವರು ದಾಟಿದರು ಅಂತ, ದಾಟಲಾಗದವರು ಸೋಂಬೇರಿಗಳಲ್ಲ. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ದುಡಿಮೆಯನ್ನು 12 ಗಂಟೆವರೆಗೆ ಹಿಗ್ಗಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದಿತು. ಹನ್ನೆರಡು ಗಂಟೆ ದುಡಿದು ಬಂದವರಿಗೆ 'ರಿಯಾಜ್ ಮಾಡು' ಅನ್ನೋದು ಸಲಹೆ ಅಲ್ಲ, ಕುಹಕ. ಕೆಲಸದ ಗಂಟೆಗಳ ಜಗಳ ಯೂನಿಯನ್ನಿನದ್ದು ಮಾತ್ರವಲ್ಲ, ಹಾಡುವವರದ್ದೂ ಹೌದು.

ಆ ಜಗಳ ನಡೀಲಿ. ಅಲ್ಲಿವರೆಗೆ ಕೈಯಲ್ಲಿರುವ ಆ ಒಂದು ಗಂಟೆಯನ್ನು ಜಿಪುಣರಂತೆ ಖರ್ಚು ಮಾಡಿ. ಈ ವಾರ ಒಂದೇ ಹಾಡಿನ ಒಂದೇ ಸಾಲು ಹಿಡಿಯಿರಿ. ಚಿತ್ರ ಬಿಡಿಸುವವರಾದರೆ ಬಸ್ ಸ್ಟ್ಯಾಂಡಿನ ಒಂದೇ ಮರವನ್ನು ಏಳು ದಿನ ಬಿಡಿಸಿ. ಯಾರಿಗೂ ತೋರಿಸಬೇಡಿ. ಎಂಟನೇ ದಿನ ರೀಲ್ ಹಾಕೋಣ ಅನ್ನಿಸಿದರೆ, ಹಾಕಿ.