ಆ್ಯಪ್ ಕ್ರ್ಯಾಶ್ ಆಯಿತೇ? ರೀಸ್ಟಾರ್ಟ್ ಮಾಡುವ ಮುನ್ನ ಲಾಗ್ ಉಳಿಸಿಕೊಳ್ಳಿ

ಸಂಜೆ ಅಂಗಡಿಯಲ್ಲಿ ಗಿರಾಕಿಗಳು ತುಂಬಿರುವ ಹೊತ್ತು. ಬಿಲ್ ಮಾಡುತ್ತಿದ್ದ ಆ್ಯಪ್ ದಿಢೀರನೆ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆದರೆ ಮತ್ತೆ ಬಂದ್. ಆಗ ಹೆಚ್ಚಿನವರು ಫೋನನ್ನು ರೀಸ್ಟಾರ್ಟ್ ಮಾಡುತ್ತಾರೆ. ಅದಕ್ಕೂ ಸರಿಯಾಗದಿದ್ದರೆ ‘ಕ್ಲಿಯರ್ ಡೇಟಾ’ ಒತ್ತುತ್ತಾರೆ. ಮೊದಲನೆಯದರಿಂದ ತೊಂದರೆಗೆ ಕಾರಣ ಏನೆಂದು ಹೇಳುವ ಸಾಕ್ಷಿ ಹೋಗುತ್ತದೆ. ಎರಡನೆಯದರಿಂದ, ಬ್ಯಾಕಪ್ ಇಲ್ಲದಿದ್ದರೆ, ಫೋನಿನಲ್ಲೇ ಇದ್ದ ಸಾಲದ ಲೆಕ್ಕವೂ ಹೋಗುತ್ತದೆ.

ಆಂಡ್ರಾಯ್ಡ್ ಫೋನ್ ಒಳಗೊಳಗೇ ಒಂದು ದಿನಚರಿ ಬರೆಯುತ್ತಿರುತ್ತದೆ. ಇದೇ ಸಿಸ್ಟಮ್ ಲಾಗ್. ಆ್ಯಪ್ ಕ್ರ್ಯಾಶ್ ಆದರೆ ಅದರಲ್ಲಿ ‘ಫೇಟಲ್ ಎಕ್ಸೆಪ್ಷನ್’ ಎಂಬ ಸಾಲು ಬೀಳುತ್ತದೆ. ಅದರ ಕೆಳಗೆ ಆ್ಯಪ್‌ನ ಹೆಸರು, ತಪ್ಪು ಯಾವ ಬಗೆಯದು, ಕೋಡಿನ ಯಾವ ಭಾಗದಲ್ಲಿ ಆಯಿತು ಎಂಬುದೆಲ್ಲ ಇರುತ್ತದೆ.

ಆದರೆ ಇದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂಗಡಿಯ ಸಿಸಿಟಿವಿ ಗೊತ್ತಲ್ಲ, ಹಾರ್ಡ್ ಡಿಸ್ಕ್ ತುಂಬಿದರೆ ಹಳೆಯದರ ಮೇಲೆಯೇ ಹೊಸದು ರೆಕಾರ್ಡ್ ಆಗುತ್ತದೆ. ಲಾಗ್ ಕೂಡ ಹಾಗೆಯೇ. ಹಲವು ಫೋನುಗಳಲ್ಲಿ ಒಂದೊಂದು ಬಗೆಯ ಲಾಗಿಗೆ ಸಿಗುವುದು 256 ಕೆಬಿ ಜಾಗ ಮಾತ್ರ, ಒಂದು ವಾಟ್ಸ್ಆ್ಯಪ್ ಫೋಟೊದಷ್ಟು. ಅದೂ ರ‍್ಯಾಮ್‌ನಲ್ಲಿ. ರೀಸ್ಟಾರ್ಟ್ ಮಾಡಿದರೆ ಅಳಿಸಿಹೋಯಿತು. ಕ್ರ್ಯಾಶಿನ ಚುಟುಕು ದಾಖಲೆ ಬೇರೆ ಕಡೆ ಉಳಿದಿರಬಹುದು, ಆದರೆ ಅದಕ್ಕೆ ಮೊದಲು ಏನೇನಾಯಿತು ಎಂಬುದು ಸಿಗುವುದಿಲ್ಲ.

ಆದ್ದರಿಂದ ಮೊದಲು ಬಗ್ ರಿಪೋರ್ಟ್ ತೆಗೆಯಬೇಕು. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿದರೆ ‘ಡೆವಲಪರ್ ಆಪ್ಷನ್ಸ್’ ತೆರೆದುಕೊಳ್ಳುತ್ತದೆ (ಕೆಲವು ಕಂಪೆನಿಯ ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ). ಅದರಲ್ಲಿ ‘ಬಗ್ ರಿಪೋರ್ಟ್’ ಒತ್ತಿ ಕೆಲವು ನಿಮಿಷ ಕಾದರೆ ಲಾಗ್ ಎಲ್ಲ ಸೇರಿದ ಜಿಪ್ ಫೈಲ್ ಸಿಗುತ್ತದೆ. ಕ್ರ್ಯಾಶ್ ಪದೇ ಪದೇ ಆಗುತ್ತಿದ್ದರೆ ಅಲ್ಲೇ ‘ಲಾಗರ್ ಬಫರ್ ಸೈಜ್’ ಅನ್ನು 4 ಎಂಬಿಗೆ ಏರಿಸಿಡಬಹುದು. ಕೆಲಸ ಮುಗಿದ ಮೇಲೆ ಡೆವಲಪರ್ ಆಪ್ಷನ್ಸ್ ಆಫ್ ಮಾಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ.

ಐಫೋನಿನಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ‘ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ’ಯೊಳಗಿನ ‘ಅನಾಲಿಟಿಕ್ಸ್ ಡೇಟಾ’ದಲ್ಲಿ ಕ್ರ್ಯಾಶ್ ಫೈಲ್‌ಗಳು ತಾವಾಗಿಯೇ ಸೇರಿರುತ್ತವೆ.

ಬಗ್ ರಿಪೋರ್ಟಿನಲ್ಲಿ ಫೋನಿನಲ್ಲಿರುವ ಆ್ಯಪ್‌ಗಳ ಪಟ್ಟಿ, ಖಾತೆಯ ಹೆಸರು, ವೈಫೈ ಹೆಸರು ಕೂಡ ಇರಬಹುದು. ಹಾಗಾಗಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ‘ಯಾರಿಗಾದ್ರೂ ಗೊತ್ತಾ?’ ಎಂದು ಕೇಳುವ ವಸ್ತು ಇದಲ್ಲ. ಆ್ಯಪ್ ಮಾಡಿದವರ ಸಪೋರ್ಟಿಗೆ ಮಾತ್ರ ಕಳಿಸಿ. ಜೊತೆಗೆ ಕ್ರ್ಯಾಶ್ ಆದ ಗಂಟೆ-ನಿಮಿಷ, ಆಗ ಏನು ಒತ್ತಿದ್ದಿರಿ ಎಂಬುದನ್ನೂ ಬರೆಯಿರಿ. ‘ಆ್ಯಪ್ ಓಪನ್ ಆಗ್ತಿಲ್ಲ’ ಎಂದಷ್ಟೇ ಬರೆದರೆ ‘ಅನ್‌ಇನ್‌ಸ್ಟಾಲ್ ಮಾಡಿ ನೋಡಿ’ ಎಂಬ ಉತ್ತರವೇ ಬರುವುದು.