ದಡಕ್ಕೆ ಬಿದ್ದ ಬೂಬಿ

ಮಕ್ಕಳೇ, ನಮ್ಮ ಸಿಂಧನೂರಿಗೆ ಸಮುದ್ರವಿಲ್ಲ. ಭತ್ತದ ಗದ್ದೆಗೆ ತುಂಗಭದ್ರೆಯ ಎಡದಂಡೆ ಕಾಲುವೆ ನೀರು ಬಂದರೆ ಅದೇ ನಮಗೆ ಸಮುದ್ರ. ಮುಂಗಾರು ಗಾಳಿ ತನ್ನಲ್ಲಿದ್ದ ಮಳೆಯನ್ನೆಲ್ಲ ಪಶ್ಚಿಮ ಘಟ್ಟದಲ್ಲೇ ಸುರಿಸಿ, ನಮ್ಮ ಕಡೆ ಬರುವಷ್ಟರಲ್ಲಿ ಬರಿಗೈಯಾಗಿರುತ್ತದೆ. ಲಿಂಗಸುಗೂರು, ಮಸ್ಕಿಯ ಬ್ಯಾಂಕುಗಳಲ್ಲಿ ನಾನು ಗುಮಾಸ್ತನಾಗಿದ್ದಾಗ, ಆಷಾಢದ ಗಾಳಿಗೆ ಚಲನ್‌ಗಳು ಹಾರದಂತೆ ನೋಡಿಕೊಳ್ಳುವುದೇ ಒಂದು ಕೆಲಸವಾಗಿತ್ತು. ಅದೇ ಗಾಳಿ ಕಡಲ ಮೇಲೆ ಏನು ಮಾಡುತ್ತದೆಂದು ತಿಳಿದದ್ದು ನಿವೃತ್ತನಾದ ಮೇಲೆ, ಒಂದು ಜುಲೈನಲ್ಲಿ ಉಡುಪಿಯ ಮಗಳ ಮನೆಗೆ ಹೋದಾಗ.

ರಾತ್ರಿಯೆಲ್ಲ ಗಾಳಿಮಳೆ. ಬೆಳಿಗ್ಗೆ ಮಳೆ ನಿಂತಿತೆಂದು ಮೊಮ್ಮಗನ ಜೊತೆ ಮಲ್ಪೆ ಕಡಲತೀರಕ್ಕೆ ಹೋದೆ. ಮರಳಿನ ಮೇಲೆ ಬಾತುಕೋಳಿಗಿಂತ ದೊಡ್ಡದೊಂದು ಬಿಳಿ ಹಕ್ಕಿ ಕೂತಿತ್ತು. ರೆಕ್ಕೆಯಂಚು, ಬಾಲ ಕಪ್ಪು. ಹಳದಿ ಕೊಕ್ಕಿನ ಬುಡದಲ್ಲಿ ಕಪ್ಪು ಮುಖವಾಡ ಕಟ್ಟಿದಂತಿತ್ತು. ಹತ್ತಿರ ಹೋದರೂ ಏಳಲಿಲ್ಲ.

"ತಾತ, ಪಾಪ, ನೀರಿಗೆ ಬಿಡೋಣ" ಎಂದ ಮೊಮ್ಮಗ. ಕಡಲಹಕ್ಕಿಗೆ ಕಡಲೇ ಮನೆಯಲ್ಲವೇ! ಟವೆಲ್ ಹಾಕಿ ಎತ್ತಿ ನೀರಿಗೆ ಬಿಟ್ಟೆ. ಮುಂದಿನ ಅಲೆ ಅದನ್ನು ಮಗುಚಿ ಮರಳಿಗೆ ಎಸೆಯಿತು. ಮತ್ತೆ ಎತ್ತಿದೆ. ದೂರದಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಮೀನುಗಾರರೊಬ್ಬರು ಓಡಿ ಬಂದರು.

"ಬೇಡ ಮಾರಾಯ್ರೇ! ಅದಕ್ಕೆ ಸುಸ್ತಾಗಿದೆ. ನೀರಿಗೆ ಬಿಟ್ರೆ ಸಾಯ್ತದೆ."

ರಟ್ಟಿನ ಪೆಟ್ಟಿಗೆ ತಂದು, ತೂತು ಮಾಡಿ, ಬಟ್ಟೆ ಹಾಸಿ ಅವರೇ ಅದನ್ನು ಒಳಗಿಟ್ಟರು. ನಾನು ಕೊಕ್ಕಿಗೆ ಬಾಟಲಿ ನೀರು ಹಾಕಲು ಹೋದೆ; ಅದಕ್ಕೂ ಬಿಡಲಿಲ್ಲ. ಬಲವಂತವಾಗಿ ಹಾಕಿದ ನೀರು ಶ್ವಾಸನಾಳಕ್ಕೆ ಇಳಿದರೆ ಹಕ್ಕಿ ಉಳಿಯದು. ಚೂಪಾದ ಕೊಕ್ಕಿನ ಹತ್ತಿರ ಮುಖ ಒಯ್ಯಬಾರದೆಂದೂ ಮೊಮ್ಮಗನನ್ನು ಹಿಂದೆ ಸರಿಸಿದರು. ಆಮೇಲೆ ಅರಣ್ಯ ಇಲಾಖೆಗೆ ಫೋನ್ ಮಾಡಿದರು.

ಫೋಟೋ ಕಳಿಸಿದಾಗ ಮಗಳು ಹೆಸರು ಹುಡುಕಿ ಹೇಳಿದಳು: ಮಾಸ್ಕ್ಡ್ ಬೂಬಿ. ನಡುಗಡಲಿನ ಹಕ್ಕಿ, ಒಮಾನ್ ಕಡೆಯ ದ್ವೀಪಗಳಲ್ಲಿ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಕಾವು ಕೊಡುವುದು ಹೊಟ್ಟೆಯಿಂದಲ್ಲ, ಜಾಲಪಾದದಿಂದ! ರೆಕ್ಕೆ ಚಾಚಿದರೆ ಐದಡಿ, ಮೊಮ್ಮಗನಿಗಿಂತ ಉದ್ದ. ಎತ್ತರದಿಂದ ಬಾಣದಂತೆ ನೀರಿಗೆ ಧುಮುಕಿ ಮೀನು ಹಿಡಿಯುತ್ತದೆ. ಮೂಗಿಗೆ ನೀರು ನುಗ್ಗದಂತೆ ಹೊರಹೊಳ್ಳೆಗಳೇ ಇಲ್ಲ, ಬಾಯಿಯಿಂದ ಉಸಿರಾಟ. ನಮ್ಮ ದಡದಲ್ಲಿ ಕಾಣುವುದು ಅಪರೂಪ, ಅದೂ ಹೆಚ್ಚಾಗಿ ಮಳೆಗಾಲದಲ್ಲಿ ಬಿರುಗಾಳಿ ತಳ್ಳಿ ತಂದಾಗ. ಮನುಷ್ಯರಿಗೆ ಹೆದರದೆ ಸುಲಭವಾಗಿ ಕೈಗೆ ಸಿಗುತ್ತದೆಂದು ಹಳೆಯ ನಾವಿಕರು ಇದನ್ನು ದಡ್ಡ ಎಂದರು. ಸ್ಪ್ಯಾನಿಷ್‌ನ 'ಬೋಬೋ'ದಿಂದ ಬೂಬಿ. ಅವತ್ತು ಮಲ್ಪೆಯಲ್ಲಿ ದಡ್ಡ ಯಾರೆಂದು ನನಗೆ ಗೊತ್ತು.

ಇಲಾಖೆಯವರು ಒಯ್ದರು. ಎರಡು ದಿನ ಏನೂ ಮುಟ್ಟಲಿಲ್ಲವಂತೆ. ಮೂರನೆಯ ದಿನ ಎರಡು ಬೂತಾಯಿ ಮೀನು ನುಂಗಿತೆಂದು ತಿಳಿದಾಗ ಮೊಮ್ಮಗ ಊಟದ ತಟ್ಟೆ ಬಿಟ್ಟು ಕುಣಿದ. ಗಾಳಿ ತಗ್ಗಿದ ಮೇಲೆ ಅದನ್ನು ಬಿಟ್ಟರು. ಆಗ ನಾನು ಸಿಂಧನೂರಿಗೆ ವಾಪಸಾಗಿದ್ದೆ. ಫೋನಿನಲ್ಲಿ ಅವನ ಕೂಗು: "ತಾತ, ಅದು ಓಡಿ ಓಡಿ ಹಾರಿತು!"